ಗೂಟವಿಲ್ಲದ ಮನೆಯ ಅಸ್ಕಲೆ

ಮೆಂಜ್ ಸೀಮೆಯ ದಿಂಗಾಯ್ ಮೆಡಾ ಊರಿನ ಸುತ್ತಮುತ್ತ ಅಸ್ಕಲೆಯ ಕೈ ಸೋಕದ ಕುರಿಯ ಕುತ್ತಿಗೆ ಇಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಪಶು ಆಸ್ಪತ್ರೆಯಲ್ಲಿ ಕುರಿಗಳ ರಕ್ತ ತೆಗೆಯುವವಳು. ಆದರೆ ಅವಳ ಸ್ವಂತ ಅಂಗಳದಲ್ಲಿ ಕುರಿ ಕಟ್ಟುವ ಒಂದು ಗೂಟ ಕೂಡ ಇಲ್ಲ. ನಮ್ಮ ಕಡೆ ಕುರಿಯಿಲ್ಲದ ಮನೆ ಕಂಡರೆ ಏನಾಯಿತು ಎಂದು ಕೇಳದೆ ಯಾರೂ ಮುಂದೆ ಹೋಗುವುದಿಲ್ಲ. ಕೇಳಿದವರಿಗೆ ಅವಳ ಗಂಡ ಶಿಬೇಶಿ, ಕಂಬಳಿ ನೇಯುವ ಮಗ್ಗದಿಂದ ತಲೆ ಎತ್ತದೆ, ಊರಿನ ಕುರಿಯೆಲ್ಲ ಇವಳದ್ದೇ, ಮೇಯಿಸುವುದಕ್ಕೆ ಮಾತ್ರ ನಿಮ್ಮ ಕೈಗೆ ಕೊಟ್ಟಿದ್ದಾಳೆ ಎಂದು ಹೇಳಿ ಸಾಗಹಾಕುತ್ತಿದ್ದ. ಕೇಳಿದವರು ನಗುತ್ತಿದ್ದರು, ಅಸ್ಕಲೆಯೂ ನಗುತ್ತಿದ್ದಳು. ನಿಜವಾದ ಕಾರಣ ಊರಿನ ಹಳಬರಿಗೆಲ್ಲ ಗೊತ್ತಿತ್ತು. ಯಾರಾದರೂ ಮರೆತರೆ ನೆನಪಿಸುವುದಕ್ಕೆ ಅವಳ ಅಣ್ಣ ದೆಮಿಸೆ ಇದ್ದೇ ಇದ್ದ.

ಆ ಕಾರಣ ನಲವತ್ತೆರಡು ವರ್ಷ ಹಿಂದಿನದು. ಅಸ್ಕಲೆಗೆ ಆಗ ಹನ್ನೆರಡು. ಮಳೆ ಕೈಕೊಟ್ಟು ಗುಡ್ಡವೆಲ್ಲ ಬೋಳಾಗಿ, ತೊರೆಯಂಚಿನ ಜೌಗು ಮಾತ್ರ ಹಸಿರಾಗಿ ಉಳಿದಿತ್ತು. ಅಪ್ಪನ ನಲವತ್ತು ಕುರಿಗಳನ್ನು ಅವಳು ಅಲ್ಲಿಗೆ ಹೊಡೆದುಕೊಂಡು ಹೋದಳು. ಕೆಲವು ವಾರಗಳಲ್ಲೇ ಕುರಿಗಳು ಮೈ ತುಂಬಿಕೊಂಡು ದುಂಡಗಾದವು. ಅಪ್ಪ ನಾಲ್ಕು ಜನರ ಮುಂದೆ ಅವಳ ಬೆನ್ನು ತಟ್ಟಿ, ಇಷ್ಟು ಚೆನ್ನಾಗಿ ಕುರಿ ಕಾಯುವ ಮಗ ನನಗೆ ಹುಟ್ಟಲಿಲ್ಲ ಎಂದ. ಹದಿನೆಂಟರ ದೆಮಿಸೆ ಅದನ್ನು ಕೇಳಿ ಮುಖ ಊದಿಸಿಕೊಂಡ. ಆಮೇಲೆ ಕುರಿಗಳು ಒಂದೊಂದಾಗಿ ಬೀಳತೊಡಗಿದವು. ಗದ್ದದ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತುಬಿತ್ತು, ಕಣ್ಣಿನ ಒಳರೆಪ್ಪೆ ಸುಣ್ಣದಂತೆ ಬಿಳುಚಿತು. ಅದು ಐವತ್ತೈದು ದಿನದ ದೊಡ್ಡ ಉಪವಾಸದ ಕಾಲ, ಮಾಂಸವನ್ನು ಮುಟ್ಟುವಂತಿಲ್ಲ. ಸತ್ತ ಕುರಿಯನ್ನು ಕೊಯ್ದು ಒಳಗೇನಿದೆ ಎಂದು ಯಾರೂ ನೋಡಲಿಲ್ಲ. ಕತ್ತೆಕಿರುಬಗಳಿಗೆಂದು ಊರಾಚೆ ಎಳೆದು ಹಾಕಿದರು. ಉಪವಾಸ ಮುಗಿದು ಫಾಸಿಕಾ, ಯೇಸು ಎದ್ದುಬಂದ ಹಬ್ಬ, ಬರುವ ಹೊತ್ತಿಗೆ ಉಳಿದದ್ದು ಆರೇ ಕುರಿ.

ಅಪ್ಪ ಅವಳನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಮರೆತುಹೋಗುತ್ತಿತ್ತೇನೋ. ಕುರಿ ಇವಳಿಗೆ ಆಗಿಬರುವುದಿಲ್ಲ ಎಂದು ಒಂದು ಮಾತು ಆಡಿದ, ಆ ಮಾತು ಊರಿನಲ್ಲಿ ನಿಂತುಬಿಟ್ಟಿತು. ಮದುವೆಯಲ್ಲಿ ಎಲ್ಲ ಹೆಣ್ಣುಮಕ್ಕಳಿಗೆ ಎರಡು ಹೆಣ್ಣುಕುರಿ ಕೊಟ್ಟು ಕಳಿಸುವ ಮನೆಯಿಂದ ಅವಳಿಗೆ ಒಂದು ತಾಮ್ರದ ಹಂಡೆ ಬಂತು. ಅಪ್ಪ ಸತ್ತಾಗ ಕುರಿಗಳೆಲ್ಲ ದೆಮಿಸೆಗೆ ಹೋದವು. ಅವಳಿಗೆ ಅಪ್ಪನ ಊರುಗೋಲು. ದೆಮಿಸೆ ಅವಳನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ಸಂತೆಯಲ್ಲಿ ಸಿಗಲಿ, ಚರ್ಚಿನ ಬಾಗಿಲಲ್ಲಿ ಸಿಗಲಿ, ಅವನ ಬಾಯಲ್ಲಿ ಅವಳು ಜೌಗಿನ ರಾಣಿ.

ಹೀಗೆ ಕುರಿ ಆಗಿಬರದವಳು ಕುರಿಯಿಂದಲೇ ಅನ್ನ ತಿನ್ನುವಂತಾದದ್ದು ಒಂದು ತಮಾಷೆ. ಪಶು ಆಸ್ಪತ್ರೆಗೆ ಅವಳು ಸೇರಿದ್ದು ಕಸ ಗುಡಿಸಲು. ಆಗಿದ್ದ ಡಾಕ್ಟರು ಪಟ್ಟಣದವನು. ನಮ್ಮ ಕುರಿಯ ಉಣ್ಣೆಯೊಳಗೆ ಕುತ್ತಿಗೆಯ ನರ ಹುಡುಕುತ್ತ ಅರ್ಧ ದಿನ ಕಳೆದು, ಕೊನೆಗೆ ತನ್ನ ಬೆರಳಿಗೇ ಸೂಜಿ ಚುಚ್ಚಿಕೊಂಡ. ಅಸ್ಕಲೆ ಪೊರಕೆ ಕೆಳಗಿಟ್ಟಳು. ಕುರಿಯನ್ನು ಅಂಡಿನ ಮೇಲೆ ಕೂರಿಸಿ, ಬೆನ್ನನ್ನು ತನ್ನ ಮೊಣಕಾಲಿಗೆ ಒರಗಿಸಿಕೊಂಡು, ಉಣ್ಣೆಯನ್ನು ಎರಡು ಬೆರಳಲ್ಲಿ ಬೈತಲೆ ತೆಗೆದ ಹಾಗೆ ಬಿಡಿಸಿ, ಹೆಬ್ಬೆರಳು ಒತ್ತಿ ಉಬ್ಬಿದ ನರವನ್ನು ತೋರಿಸಿದಳು. ಡಾಕ್ಟರು ಸೂಜಿಯನ್ನು ಅವಳ ಕೈಗೇ ಕೊಟ್ಟ. ಅಂದಿನಿಂದ ನಾಲ್ಕು ಡಾಕ್ಟರುಗಳು ಬಂದು ಹೋದರು, ಸೂಜಿ ಅವಳ ಕೈಯಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ಸ್ಪಿರಿಟ್ ಮುಗಿದರೆ ಅವಳು ಮನೆಯಿಂದ ಬಾರ್ಲಿಯ ಸಾರಾಯಿ ತಂದು ಕುರಿಗಳ ಕುತ್ತಿಗೆ ಒರೆಸುತ್ತಿದ್ದಳು. ಆ ದಿನಗಳಲ್ಲಿ ಶಿಬೇಶಿ ಕುರಿಗಳನ್ನು ಹಿಡಿದುಕೊಳ್ಳಲು ತಾನಾಗಿ ಬರುತ್ತಿದ್ದ. ರಕ್ತ ಪರೀಕ್ಷೆಯಾಗುವುದು ದೂರದ ದೆಬ್ರೆ ಬಿರ್ಹಾನ್ ಪಟ್ಟಣದಲ್ಲಿ, ಬಸ್ಸಿನಲ್ಲಿ ಕಳಿಸಬೇಕು. ಐಸ್ ಡಬ್ಬಿಯ ಮುಚ್ಚಳ ಒಡೆದ ವರ್ಷ ಅವಳು ರಕ್ತದ ಕೊಳವೆಗಳನ್ನು ಒದ್ದೆ ಉಣ್ಣೆಯಲ್ಲಿ ಸುತ್ತಿ, ಹಬ್ಬಕ್ಕೆ ರೊಟ್ಟಿ ಒಯ್ಯುವ ಚರ್ಮದ ಬುಟ್ಟಿಯಲ್ಲಿಟ್ಟು ತಾನೇ ಮಡಿಲಲ್ಲಿ ಹಿಡಿದು ಹೋದಳು. ದಾರಿಯುದ್ದಕ್ಕೂ ಪಕ್ಕದ ಸೀಟಿನ ಮುದುಕ ಬುಟ್ಟಿಯನ್ನೇ ನೋಡುತ್ತಿದ್ದ. ಒಬ್ಬಳೇ ತಿನ್ನಬಾರದು ಮಗಳೇ, ಹಂಚಿ ತಿನ್ನಬೇಕು ಎಂದು ಕೊನೆಗೆ ಬಾಯಿಬಿಟ್ಟೇ ಹೇಳಿದ. ಅಸ್ಕಲೆ ಮುಚ್ಚಳ ತೆಗೆದು ತೋರಿಸಿದಳು. ಆಮೇಲೆ ಅವನು ಪೂರ್ತಿ ದಾರಿ ನಿಂತೇ ಬಂದ.

ಈಗ ಹೇಳಹೊರಟಿರುವುದು ಅವಳ ಐವತ್ತನಾಲ್ಕನೆಯ ವರ್ಷದ ಕತೆ. ಆ ವರ್ಷವೂ ಮಳೆ ಕೈಕೊಟ್ಟಿತ್ತು. ಆಸ್ಪತ್ರೆಯ ಡಾಕ್ಟರು ಆಗ ನಾರ್ದೋಸ್ ಎಂಬ ಹುಡುಗಿ, ಓದು ಮುಗಿಸಿ ಎರಡು ವರ್ಷವೂ ಆಗಿರಲಿಲ್ಲ. ಜೌಗಿನ ಬಸವನಹುಳುಗಳ ಹೊಟ್ಟೆಯಲ್ಲಿ ಒಂದು ಹುಳು ಬೆಳೆದು ಹುಲ್ಲಿಗೆ ಅಂಟಿಕೊಂಡಿರುತ್ತದೆ, ಹುಲ್ಲು ತಿಂದ ಕುರಿಯ ಯಕೃತ್ತಿಗೆ ಹೋಗಿ ಎಲೆಯಂತೆ ಚಪ್ಪಟೆಯಾಗಿ ಬಲಿಯುತ್ತದೆ, ಅಲ್ಲಿಗೆ ಯಾರೂ ಕುರಿ ಬಿಡಬೇಡಿ ಎಂದು ಅವಳು ಮನೆಮನೆಗೆ ಹೋಗಿ ಹೇಳಿದ್ದಳು. ಜನ ತಲೆಯಾಡಿಸಿದ್ದರು. ದೆಮಿಸೆ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ್ದ. ಜೌಗಿನ ವಿಷಯ ನಮ್ಮ ಮನೆಯವರಿಗೆ ಯಾರೂ ಕಲಿಸಬೇಕಾಗಿಲ್ಲ, ಬೇಕಾದರೆ ನನ್ನ ತಂಗಿಯನ್ನು ಕೇಳಿ ಎಂದಿದ್ದ.

ಅವನದು ಆಗ ಎಂಬತ್ತಮೂರು ಕುರಿ. ಅದರಲ್ಲಿ ಅಂಬೆಸಾ, ಎಂದರೆ ಸಿಂಹ, ಎಂದು ಹೆಸರಿಟ್ಟ ಒಂದು ಕೆಂಪು ಟಗರು. ಊರಿನ ಎಲ್ಲ ಹಿಂಡುಗಳಿಗೂ ಮರಿ ಹುಟ್ಟಿಸಲು ಒಂದೇ ಒಳ್ಳೆಯ ಟಗರನ್ನು ಊರವರೆಲ್ಲ ಸೇರಿ ಆರಿಸುವ ಪದ್ಧತಿ ನಮ್ಮಲ್ಲಿದೆ. ಆ ಸಲದ ಆಯ್ಕೆ ಫಾಸಿಕಾ ಮುಗಿದ ವಾರ. ಅಂಬೆಸಾ ಗೆಲ್ಲುವುದರಲ್ಲಿ ದೆಮಿಸೆಗೆ ಅನುಮಾನವಿರಲಿಲ್ಲ. ಆದರೆ ಆಯ್ಕೆಗೆ ನಿಲ್ಲುವ ಟಗರುಗಳ ರಕ್ತ ಪರೀಕ್ಷೆಯಾಗಬೇಕು ಎಂದು ಡಾಕ್ಟರಮ್ಮ ಹೊಸದಾಗಿ ನಿಯಮ ಮಾಡಿದ್ದಳು. ಉಪವಾಸದ ಮೊದಲ ವಾರ ಅಸ್ಕಲೆ ಅಂಬೆಸಾನನ್ನು ಅಂಡಿನ ಮೇಲೆ ಕೂರಿಸಿದಳು. ಕಾಲುಗಳು ಮೇಲೆ ಬಂದವು. ಗೊರಸಿನ ಸಂದಿಯಲ್ಲಿ ಕಪ್ಪು ಕೆಸರು ಒಣಗಿ ಕೂತಿತ್ತು. ಗುಡ್ಡದ ಮಣ್ಣು ನಮ್ಮಲ್ಲಿ ಕೆಂಪು. ಕಪ್ಪು ಕೆಸರು ಎಲ್ಲಿಯದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಣ್ಣನ ಸುತ್ತ ಹತ್ತು ಜನ ನಿಂತಿದ್ದರು. ಅವಳು ರಕ್ತ ತೆಗೆದು ಕೊಳವೆಗೆ ಬಿರಡೆ ಹಾಕಿದಳು.

ಎಂಟು ದಿನಕ್ಕೆ ಫಲಿತಾಂಶದ ಕಾಗದ ಬಂತು. ನಾರ್ದೋಸ್ ಅದನ್ನು ಎರಡು ಸಲ ಓದಿ ಅಸ್ಕಲೆಯನ್ನು ಒಳಗೆ ಕರೆದಳು.

"ನೋಡಿ ಎತಿಯೆ," ಎಂದಳು. ಹಿರಿಯಕ್ಕನನ್ನು ಕರೆಯುವ ಆ ಮಾತಿನಿಂದಲೇ ಅವಳನ್ನು ಕರೆಯುತ್ತಿದ್ದಳು. "ಇದು ಲಿವರ್ ಒಳಗೇ ಇರ್ಬೇಕಾದ ಪದಾರ್ಥ. ರಕ್ತದಲ್ಲಿ ಇಷ್ಟೊಂದು ಇದೆ ಅಂದ್ರೆ ಲಿವರ್ ಸೋರ್ತಾ ಇದೆ. ಮರಿಹುಳ ಒಳಗೆ ಕೊರೀತಾ ಇದೆ."

ಅಸ್ಕಲೆ ಹಿಕ್ಕೆಯ ಪರೀಕ್ಷೆ ಏನು ಹೇಳಿತು ಎಂದು ಕೇಳಿದಳು. ಹಿಕ್ಕೆಯಲ್ಲಿ ಏನೂ ಸಿಕ್ಕಿರಲಿಲ್ಲ. ಹುಳು ಬಲಿತು ಮೊಟ್ಟೆಯಿಡಲು ಎರಡೂವರೆ ತಿಂಗಳು ಬೇಕು, ಮೊಟ್ಟೆ ಹಿಕ್ಕೆಯಲ್ಲಿ ಕಾಣಿಸುವ ಹೊತ್ತಿಗೆ ಅರ್ಧ ಹಿಂಡು ನೆಲ ಹಿಡಿದಿರುತ್ತದೆ, ರಕ್ತ ಮಾತ್ರ ಮೊದಲೇ ಹೇಳುತ್ತದೆ ಎಂದು ಹುಡುಗಿ ವಿವರಿಸಿದಳು. ಮೊದಮೊದಲು ಕುರಿ ಮೈ ತುಂಬಿಕೊಳ್ಳುವುದೂ ಉಂಟಂತೆ. ಇದನ್ನು ಕೇಳಿ ಅಸ್ಕಲೆ ಅಲ್ಲೇ ಬೆಂಚಿನ ಮೇಲೆ ಕೂತಳು. ಕೆಲವು ವಾರ ದುಂಡಗಾಗಿ ಕಂಡು ಆಮೇಲೆ ಸತ್ತ ಅಪ್ಪನ ಕುರಿಗಳು ಕಣ್ಣ ಮುಂದೆ ಬಂದವು. ಯಾರ ಕಣ್ಣು ಬಿತ್ತು, ಯಾರ ಕೈಗುಣ ಎಂದು ಊರೆಲ್ಲ ಆಡಿಕೊಂಡದ್ದು ಇದಕ್ಕೇ.

ಖಚಿತ ಮಾಡಿಕೊಳ್ಳಲು ದೆಮಿಸೆಯ ಇನ್ನೂ ಹತ್ತು ಕುರಿಗಳ ರಕ್ತ ತೆಗೆದರು. ಏಳರಲ್ಲಿ ಅದೇ ಕತೆ. ಇನ್ನು ಎಲ್ಲ ಎಂಬತ್ತಮೂರಕ್ಕೂ ಔಷಧಿ ಕುಡಿಸಬೇಕು, ಈ ವಾರವೇ. ಆದರೆ ಅಲ್ಲಿತ್ತು ತೊಡಕು. ಆ ಔಷಧಿ ಕುಡಿಸಿದ ಕುರಿಯ ಮಾಂಸವನ್ನು ಎರಡು ತಿಂಗಳು ತಿನ್ನುವಂತಿಲ್ಲ, ಫಾಸಿಕಾಕ್ಕೆ ಉಳಿದಿದ್ದದ್ದು ಐದೇ ವಾರ. ನಮ್ಮಲ್ಲಿ ಕುರಿ ಮಾರಾಟವಾಗುವುದು ಆ ಒಂದು ಹಬ್ಬಕ್ಕೆ. ಮನುಷ್ಯರು ಉಪವಾಸ ಹಿಡಿದ ದಿನ ಹಬ್ಬದ ಕುರಿಯ ಊಟ ಶುರುವಾಗುತ್ತದೆ, ಐವತ್ತೈದು ದಿನ ನಾವು ಸೊರಗಿದಷ್ಟೂ ಅದು ಕೊಬ್ಬಬೇಕು. ಕತ್ತಿ ಒಳಗೆ ಸೇರಿರುವ ಆ ದಿನಗಳಲ್ಲಿ ಎಲ್ಲರೂ ನೋಡುವುದು ಕುರಿಯ ಹೊರಮೈಯನ್ನು ಮಾತ್ರ. ಹೊರಮೈಯಲ್ಲಿ ದೆಮಿಸೆಯ ಕುರಿಗಳನ್ನು ಮೀರಿಸುವ ಕುರಿ ಸುತ್ತ ಹತ್ತು ಊರಿನಲ್ಲಿ ಇರಲಿಲ್ಲ.

ಅಸ್ಕಲೆ ಕಾಗದ ಹಿಡಿದುಕೊಂಡು ಅಣ್ಣನ ಮನೆಗೆ ಹೋದಳು. ಅಂಗಳದಲ್ಲಿ ನೆರೆಯವರು ಕೂತು ಹುರಿದ ಬಾರ್ಲಿ ಮೆಲ್ಲುತ್ತಿದ್ದರು.

"ದಾರಿ ಬಿಡ್ರಪ್ಪ, ಜೌಗಿನ ರಾಣಿ ಬಂದ್ಲು," ಎಂದ ದೆಮಿಸೆ.

ಅವಳು ಎಲ್ಲವನ್ನೂ ನಿಧಾನವಾಗಿ ಹೇಳಿದಳು. ಅವನು ಕೊನೆಯವರೆಗೂ ಕೇಳಿ, ಟಗರನ್ನು ಎಳೆದು ತಂದು ನಡುವೆ ನಿಲ್ಲಿಸಿ, ಇದಕ್ಕೆ ಕಾಯಿಲೆಯಂತೆ, ನೋಡಿ ಎಂದ. ಎಲ್ಲರೂ ನೋಡಿದರು. ಅಂಬೆಸಾನ ಮೈಮೇಲೆ ಬಿಸಿಲು ಮಿರುಗುತ್ತಿತ್ತು. ಹಿಕ್ಕೆ ಶುದ್ಧ ಎಂದು ನಿಮ್ಮ ಡಾಕ್ಟರಮ್ಮನೇ ಬರೆದುಕೊಟ್ಟಿದ್ದಾಳೆ, ಕಾಯಿಲೆ ಇರುವುದು ಕುರಿಗಲ್ಲ, ಕಾಗದಕ್ಕೆ ಎಂದ. ಎಲ್ಲರೂ ನಕ್ಕರು.

"ಗಾಶೆ, ಜೌಗಿಗೆ ಬಿಟ್ಟಿದ್ಯಾ?" ಎಂದು ಅವಳು ಮೆಲ್ಲಗೆ ಕೇಳಿದಳು. ಅಣ್ಣನನ್ನು ಅವಳು ಗಾಶೆ ಎಂದೇ ಕರೆಯುತ್ತಿದ್ದದ್ದು.

"ಬಿಟ್ಟಿಲ್ಲ." ಅವನು ಅವಳ ಮುಖ ನೋಡದೆ ಹೇಳಿದ. ಆಮೇಲೆ ದನಿ ಎತ್ತಿ, "ಲಿವರ್ ಕೆಟ್ಟಿದೆ ಅಂತೀಯಲ್ಲ, ತೆಗ್ದು ತೋರ್ಸು. ಕಣ್ಣಾರೆ ಕಂಡ್ರೆ ಎಲ್ಲಾದಕ್ಕೂ ಔಷಧಿ ಕುಡಿಸ್ತೀನಿ," ಎಂದ.

ಉಪವಾಸದಲ್ಲಿ ಕುರಿ ಕಡಿಯುವ ಕ್ರಿಸ್ತನ ಭಕ್ತ ನಮ್ಮ ಬೆಟ್ಟದ ಮೇಲೆ ಹುಟ್ಟಿಲ್ಲ. ಅದು ಗೊತ್ತಿದ್ದೇ ಅವನು ಅಷ್ಟು ಧೈರ್ಯವಾಗಿ ಹೇಳಿದ್ದು. ಅಸ್ಕಲೆ ಕಾಗದ ಮಡಿಸಿ ಎದೆಯೊಳಗೆ ಸಿಕ್ಕಿಸಿಕೊಂಡು ಹೊರಟಳು. ಕೋಪ ಬಂದಿತ್ತು, ಆದರೆ ಕೋಪಕ್ಕಿಂತ ಹೆಚ್ಚಾಗಿ ಹೆದರಿಕೆ. ಇವನ ಹಟದಲ್ಲಿ ಎಂಬತ್ತಮೂರು ಕುರಿ ಅವಳ ಕಣ್ಣೆದುರಿಗೇ ಬೀಳುತ್ತವೆ. ಬಿದ್ದ ಮೇಲೆ, ನಾನು ಹೇಳಿರಲಿಲ್ಲವೇ ಎನ್ನುವ ಸುಖ ಅವಳಿಗೆ ಬೇಕಾಗಿರಲಿಲ್ಲ.

ದಾರಿ ಸಿಕ್ಕಿದ್ದು ಶನಿವಾರದ ಸಂತೆಯಲ್ಲಿ. ಕಣಿವೆಯ ಕೆಳಗಿನ ಊರಿನ ಉಣ್ಣೆ ವ್ಯಾಪಾರಿ ಹಾಜಿ ಸೈದ್ ತನ್ನ ಎರಡು ಕತ್ತೆಗಳೊಂದಿಗೆ ಮೇಲೆ ಬಂದಿದ್ದ. ಅವನೂ ದೆಮಿಸೆಯೂ ಮೂವತ್ತು ವರ್ಷದ ಗೆಳೆಯರು. ಒಬ್ಬರ ಮನೆಯ ಮಾಂಸ ಇನ್ನೊಬ್ಬರು ತಿನ್ನುವುದಿಲ್ಲ, ಕಾಫಿಗೆ ಮಾತ್ರ ಲೆಕ್ಕವಿಲ್ಲ. ಬರುವ ಗುರುವಾರ ಹಾಜಿಯ ಮಗಳ ಮದುವೆ, ಕುರಿ ಕೊಳ್ಳಲು ಬಂದಿದ್ದ. ಅಸ್ಕಲೆ ಅವನ ತೋಳು ಹಿಡಿದುಕೊಂಡು ನೇರವಾಗಿ ದೆಮಿಸೆಯ ಮುಂದೆ ನಿಲ್ಲಿಸಿದಳು. ನೀನು ಕಡಿಯಬೇಡ ಗಾಶೆ, ಹಾಜಿ ಕಡಿಯುತ್ತಾರೆ, ನೀನು ಬಂದು ಲಿವರ್ ನೋಡು ಎಂದಳು.

ಸಂತೆಯ ಜನ ಸುತ್ತ ಸೇರಿದರು. ದೆಮಿಸೆಗೆ ಹಿಂದೆ ಸರಿಯಲು ಜಾಗ ಉಳಿಯಲಿಲ್ಲ. ಲಿವರ್ ಚೆನ್ನಾಗಿದ್ದರೆ ಇವಳು ಸೂಜಿ ಕೆಳಗಿಟ್ಟು, ದೆಮಿಸೆಯ ಟಗರಿಗೆ ಸುಳ್ಳು ಕಾಯಿಲೆ ಹೊರಿಸಿದೆ ಎಂದು ಚರ್ಚಿನ ಬಾಗಿಲಲ್ಲಿ ನಿಂತು ಹೇಳಬೇಕು ಎಂದು ಪಂದ್ಯ ಕಟ್ಟಿದ. ಅಸ್ಕಲೆ ಒಪ್ಪಿದಳು. ಮದುವೆಗೆ ಕರೆಯಲು ಬಂದರೆ ನನ್ನ ಮನೆಯಲ್ಲೇ ಪಂಚಾಯಿತಿ ಇಡುತ್ತೀರಲ್ಲ ಎಂದು ಹಾಜಿ ಗಡ್ಡ ನೀವಿಕೊಂಡ. ದೆಮಿಸೆ ಹಿಂಡಿನಲ್ಲೇ ದಪ್ಪಗಿದ್ದ ಒಂದು ಟಗರನ್ನು ತಾನೇ ಆರಿಸಿ ಕೊಟ್ಟ. ಅದು ರಕ್ತ ತೆಗೆದ ಹತ್ತರಲ್ಲಿ ಒಂದಲ್ಲ. ಅಸ್ಕಲೆ ಸೂಜಿಗೆ ಕೈ ಹಾಕಿದಾಗ ತಡೆದ. ಮೊದಲೇ ಗೊತ್ತಾದರೆ ಅದೆಂಥ ಪಂದ್ಯ ಎಂದ.

ಗುರುವಾರ ಬೆಳಗ್ಗೆ ಮೂವರೂ ಕಣಿವೆ ಇಳಿದರು, ಅಣ್ಣ, ತಂಗಿ, ಜೊತೆಗೆ ಶಿಬೇಶಿ. ಶಿಬೇಶಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ, ಹೆಂಡತಿ ಗೆದ್ದರೂ ಸೋತರೂ ನೋಡುವಂತಿರುತ್ತದೆ ಎಂದು ಮಗ್ಗ ಬಿಟ್ಟು ಬಂದಿದ್ದ. ಅಸ್ಕಲೆ ಮಾತ್ರ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದಳು. ಹತ್ತರಲ್ಲಿ ಮೂರು ಕುರಿಯ ರಕ್ತ ಚೆನ್ನಾಗಿಯೇ ಇತ್ತು. ಇದು ಆ ಮೂರರ ಜಾತಿಯದಾಗಿದ್ದರೆ? ಹಾಗಾದರೆ ಅವಳ ಮಾತನ್ನು ಮುಂದೆ ಯಾರೂ ನಂಬುವುದಿಲ್ಲ, ಅಣ್ಣನ ಹಿಂಡೂ ಉಳಿಯುವುದಿಲ್ಲ. ಆದರೂ ಅವಳ ಮನಸ್ಸಿನ ಒಂದು ಮೂಲೆ ಆ ಲಿವರ್ ಚೆನ್ನಾಗಿರಲಿ ಎಂದೇ ಬೇಡುತ್ತಿತ್ತು. ಆ ಕುರಿಗಳಲ್ಲಿ ಅರ್ಧದಷ್ಟರ ತಾಯಂದಿರಿಗೆ ಹೆರಿಗೆ ಮಾಡಿಸಿದವಳು ಅವಳೇ.

ಹಾಜಿಯ ಅಂಗಳದಲ್ಲಿ ಮದುವೆಯ ಗದ್ದಲ. ಒಂದು ಕಡೆ ಆಗಲೇ ಮಾಂಸ ಸುಡುತ್ತಿದ್ದರು. ಇಪ್ಪತ್ತೈದು ದಿನದಿಂದ ಕಡಲೆಹಿಟ್ಟಿನ ಸಾರಿನಲ್ಲೇ ಬದುಕಿದ್ದ ದೆಮಿಸೆ, ಉಪವಾಸ ಕೆಡುತ್ತದೆಂದು ಹೊದೆದ ಬಟ್ಟೆಯ ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ಕಣ್ಣನ್ನು ಮಾತ್ರ ಹೊರಗಿಟ್ಟು ನಿಂತ. ಆದರೂ ಅವನ ಹೊಟ್ಟೆ ಗುಡುಗಿದ್ದು ಹಾಜಿಗೆ ಕೇಳಿಸಿತು. "ದೆಮಿಸೆ, ನಿನ್ನ ಹೊಟ್ಟೆ ಯಾವ ಮತಕ್ಕೆ ಸೇರಿದ್ದು ಅಂತ ಮೊದ್ಲು ವಿಚಾರಿಸಪ್ಪ," ಎಂದ. ಹೆಂಗಸರು ಬಾಯಿಗೆ ಕೈಯಿಟ್ಟು ನಕ್ಕರು.

ದೇವರ ಹೆಸರು ಹೇಳಿ ಹಾಜಿ ತನ್ನ ಕೆಲಸ ಮಾಡಿದ. ಚರ್ಮ ಬಿಡಿಸಿ, ಹೊಟ್ಟೆ ತೆರೆದು, ಯಕೃತ್ತನ್ನು ಎರಡೂ ಕೈಯಲ್ಲಿ ಎತ್ತಿ ತಟ್ಟೆಯಲ್ಲಿಟ್ಟ. ಎಲ್ಲರೂ ಬಗ್ಗಿದರು. ನುಣ್ಣಗೆ ಹೊಳೆಯಬೇಕಾದ ಯಕೃತ್ತು ಒರಟಾಗಿತ್ತು, ಅದರ ಮೇಲೆಲ್ಲ ಗೆದ್ದಲು ಹಿಡಿದ ಹಲಗೆಯ ಹಾಗೆ ಅಂಕುಡೊಂಕು ಗೀರುಗಳು, ಕೆಲವು ರಕ್ತಗೆಂಪು, ಕೆಲವು ಬಿಳಿ. ಹಾಜಿ ಅದನ್ನು ಸೀಳಿ ಹೆಬ್ಬೆರಳಿನಿಂದ ಒತ್ತಿದ. ಸೀಳಿನಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ, ಎಲೆಯಂಥ ಚಪ್ಪಟೆ ಹುಳು ಹೊರಬಂದು ತಟ್ಟೆಯ ಅಂಚಿನಲ್ಲಿ ಮುದುಡಿತು. ಹಿಂದೆಯೇ ಇನ್ನೊಂದು. ಮತ್ತೊಂದು.

"ಮೇಲೆ ಥಳಕು, ಒಳಗೆ ಹುಳುಕು," ಎಂದ ಹಾಜಿ, ಈ ಸಲ ನಗದೆ.

ಅಸ್ಕಲೆ ಗೆದ್ದೆ ಎನ್ನಲಿಲ್ಲ. ಆ ಯಕೃತ್ತನ್ನು ನಾಯಿಗೆ ಹಾಕದೆ ಹೂತುಬಿಡಿ, ಮಾಂಸ ತಿನ್ನಲು ತೊಂದರೆಯಿಲ್ಲ ಎಂದು ಹಾಜಿಯ ಹೆಂಡತಿಗೆ ಹೇಳಿ, ಮದುಮಗಳ ಕೈಗೆ ಶಿಬೇಶಿ ನೇಯ್ದ ಒಂದು ಕಂಬಳಿ ಕೊಟ್ಟು ಹರಸಿದಳು. ದೆಮಿಸೆ ಮೂಗಿನ ಬಟ್ಟೆ ತೆಗೆದಿದ್ದ. ಮಾಂಸದ ಘಮಲು ಈಗ ಅವನಿಗೆ ತಾಕುತ್ತಿದ್ದಂತೆ ಕಾಣಲಿಲ್ಲ.

ಕಣಿವೆ ಹತ್ತುವಾಗ ಶಿಬೇಶಿ ಬೇಕೆಂದೇ ಮುಂದೆ ಮುಂದೆ ನಡೆದು ಅಣ್ಣ ತಂಗಿಯರನ್ನು ಹಿಂದೆ ಬಿಟ್ಟ. ಊರಿನ ಅಂಚಿಗೆ ಬಂದಾಗ ಜೌಗು ಕಾಣಿಸಿತು, ಸುತ್ತಲಿನ ಕೆಂಪು ನೆಲದ ನಡುವೆ ಕಣ್ಣಿಗೆ ತಂಪಾದ ಹಸಿರು. ದೆಮಿಸೆ ಊರುಗೋಲು ಊರಿ ನಿಂತ.

"ಬೆಳಗಿನ ಜಾವ ಎರಡು ಗಂಟೆ ಹೊತ್ತು ಬಿಡ್ತಿದ್ದೆ," ಎಂದ. "ಯಾರೂ ಏಳೋಕೆ ಮುಂಚೆ."

"ಗೊತ್ತು. ಗೊರಸಲ್ಲಿ ಕೆಸರಿತ್ತು."

"ಅವತ್ತೇ ಹೇಳ್ಬಹುದಿತ್ತಲ್ಲ, ಎಲ್ರ ಮುಂದೆ."

"ನೀನು ಅಣ್ಣ ಅಲ್ವಾ."

ಅವನು ಊರುಗೋಲಿನ ತುದಿಯಿಂದ ಹಸಿರನ್ನು ತೋರಿಸಿದ. ಅರವತ್ತು ವರ್ಷದ ಮುಖದಲ್ಲಿ ಏನೋ ಕುಸಿದಂತಾಯಿತು.

"ಅಸ್ಕಲೆ," ಎಂದ. ಅವನ ಬಾಯಲ್ಲಿ ತನ್ನ ಹೆಸರು ಕೇಳಿ ಅವಳು ಬೆಚ್ಚಿದಳು. "ನಂಗೆ ಅರವತ್ತು. ಡಾಕ್ಟರಮ್ಮ ಮನೆಬಾಗ್ಲಿಗೆ ಬಂದು ಹೇಳಿದ್ಲು. ಆದ್ರೂ ಈ ಹುಲ್ಲು ನೋಡಿ ಮೋಸಹೋದೆ. ನಿಂಗೆ ಆಗ ಹನ್ನೆರಡು. ನಿಂಗೆ ಯಾರು ಹೇಳಿದ್ರು? ಯಾರೂ ಹೇಳಿರ್ಲಿಲ್ಲ."

ಅಸ್ಕಲೆ ನಲವತ್ತೆರಡು ವರ್ಷ ಯಾರಿಂದಲೂ ಕೇಳದಿದ್ದ ಮಾತು ಅದು. ಅಪ್ಪ ಬದುಕಿದ್ದಿದ್ದರೆ ಎಂದು ಒಂದು ಕ್ಷಣ ಅನ್ನಿಸಿ ಅಳು ಬಂತು, ಅಳುವುದಕ್ಕೆ ನಾಚಿಕೆಯಾಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾಳೆ ಬೆಳಗ್ಗೆ ಎಂಬತ್ತೆರಡನ್ನೂ ಕೂಡಿಹಾಕು, ಔಷಧಿ ತರುತ್ತೇನೆ ಎಂದಷ್ಟೇ ಹೇಳಿ ನಡೆದಳು.

ಔಷಧಿ ಕುಡಿಸಲು ಎರಡು ದಿನ ಹಿಡಿಯಿತು. ದೆಮಿಸೆ ಕುರಿಗಳನ್ನು ಹಿಡಿದ, ಅಸ್ಕಲೆ ಬಾಯಿ ತೆರೆಸಿದಳು, ನಾರ್ದೋಸ್ ಔಷಧಿ ಸುರಿದಳು, ಶಿಬೇಶಿ ಲೆಕ್ಕ ಇಡುತ್ತೇನೆಂದು ಕೂತು ಎರಡು ಸಲ ತಪ್ಪಿದ. ಅಂಬೆಸಾ ಮೊದಲ ಗುಟುಕನ್ನು ಡಾಕ್ಟರಮ್ಮನ ಮುಖಕ್ಕೇ ಉಗಿಯಿತು. ಮುಂದಿನ ವಾರಗಳಲ್ಲಿ ಮೂರು ಕುರಿ ಸತ್ತವು. ಊರಿನ ಉಳಿದವರು, ಅವರಲ್ಲೂ ಬೆಳಗಿನ ಜಾವ ಕದ್ದು ಬಿಡುತ್ತಿದ್ದವರು ಒಬ್ಬರಿಬ್ಬರಲ್ಲ, ಒಬ್ಬರ ಹಿಂದೆ ಒಬ್ಬರಂತೆ ಕುರಿಗಳ ಕುತ್ತಿಗೆ ಹಿಡಿದುಕೊಂಡು ಆಸ್ಪತ್ರೆಯ ಮುಂದೆ ಸಾಲು ನಿಂತರು. ಟಗರು ಆರಿಸುವುದನ್ನು ದೊಡ್ಡ ಮಳೆ ಮುಗಿಯುವವರೆಗೂ ಮುಂದೂಡಿದರು.

ಫಾಸಿಕಾ ಬಂತು. ಆ ಸೀಮೆಗೆಲ್ಲ ದೊಡ್ಡ ಹಿಂಡಿನ ಯಜಮಾನ ದೆಮಿಸೆಯ ಮನೆಯಲ್ಲಿ ಉಪವಾಸ ಮುರಿದದ್ದು ಕೋಳಿಸಾರಿನಲ್ಲಿ, ಆ ಕೋಳಿಯೂ ಅಸ್ಕಲೆ ಕಳಿಸಿದ್ದು. ಜನ ಚರ್ಚಿನಿಂದ ಬರುತ್ತ ಅವನ ಬೇಲಿಯ ಹತ್ತಿರ ನಿಂತು, ಕುರಿ ಹೇಗಿದೆ ಗಾಶ್ ದೆಮಿಸೆ, ರೆಕ್ಕೆ ಬಂದಿದೆಯಂತೆ ಎಂದು ಕಿಚಾಯಿಸಿದರು. ಅವನೂ ನಕ್ಕ. ನಗುವ ಸರದಿ ಇಷ್ಟು ವರ್ಷ ಅವನದೇ ಆಗಿತ್ತು, ಒಂದು ಹಬ್ಬ ಬಿಟ್ಟುಕೊಟ್ಟರೆ ನಷ್ಟವಿಲ್ಲ.

ಬಿಸಿಲು ಏರಿದ ಮೇಲೆ ಅವನು ತಂಗಿಯ ಅಂಗಳಕ್ಕೆ ಬಂದ. ಒಂದು ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಬಿಳಿ ಮುಖದ ಒಂದು ಹೆಣ್ಣುಕುರಿ, ಅದರ ಹಿಂದೆ ಅರಚುತ್ತ ಒಂದು ಮರಿ. ಕಂಕುಳಲ್ಲಿ ಏನನ್ನೋ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದ. ಕಾಫಿ ಹುರಿಯುತ್ತಿದ್ದ ಅಸ್ಕಲೆ ಎದ್ದು ಬಂದಳು. ಊಟಕ್ಕೆ ಕುರಿ ತಂದಿದ್ದಾನೆ, ಪಾಪ, ಹಬ್ಬದ ಸಡಗರದಲ್ಲಿ ಔಷಧಿಯ ವಿಷಯ ಮರೆತಿದ್ದಾನೆ ಎಂದುಕೊಂಡಳು.

"ಗಾಶೆ, ಇದರಲ್ಲಿ ಇನ್ನೂ ಔಷಧಿ ಇದೆ. ಕಡಿಯೋ ಹಾಗಿಲ್ಲ," ಎಂದಳು.

"ಕಡಿಯೋಕೆ ಯಾರು ತಂದ್ರು?" ಎಂದ ಅವನು.

ಕಂಕುಳ ಬಟ್ಟೆ ಬಿಚ್ಚಿದ. ಒಳಗೆ ಒಂದು ಹಳೆಯ ಮರದ ಗೂಟ, ನೆತ್ತಿ ಹೊಡೆಸಿಕೊಂಡು ಸವೆದದ್ದು. ಅಪ್ಪನ ಕೊಟ್ಟಿಗೆಯ ಬಾಗಿಲ ಹತ್ತಿರ ಇರುತ್ತಿದ್ದ ಗೂಟ ಅದು ಎಂದು ಅಸ್ಕಲೆ ನೋಡಿದೊಡನೆ ಗುರುತಿಸಿದಳು. ದೆಮಿಸೆ ಅಂಗಳದಲ್ಲಿ ಜಾಗ ಹುಡುಕಿ, ಒಂದು ಕಲ್ಲು ಎತ್ತಿಕೊಂಡು ತಾನೇ ಕೂತು ಗೂಟ ಹೊಡೆಯತೊಡಗಿದ. ನೆಲ ಗಟ್ಟಿಯಾಗಿತ್ತು, ಇಷ್ಟು ವರ್ಷ ಯಾರೂ ಅಗೆಯದ ನೆಲ. ಶಿಬೇಶಿ ಒಳ್ಳೆಯ ಕಲ್ಲು ಹುಡುಕಲು ಓಡಿದ.

ಅಸ್ಕಲೆ ಕುರಿಯ ಪಕ್ಕ ಮೊಣಕಾಲೂರಿದಳು. ಕೈ ಅಭ್ಯಾಸಬಲದಿಂದ ತಾನಾಗಿ ಹೋಗಿ ಅದರ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಇಳಿಸಿತು. ಒಳಗೆ ಒಳ್ಳೆಯ ಕೆಂಪು. ಆಮೇಲೆ ಮರಿಯದ್ದನ್ನೂ ನೋಡಿದಳು.

"ಏನಂತಾರೆ ಡಾಕ್ಟರು?" ದೆಮಿಸೆ ಗೂಟದಿಂದ ತಲೆಯೆತ್ತದೆ ಕೇಳಿದ.

"ಬದುಕ್ತವೆ," ಎಂದಳು ಅಸ್ಕಲೆ.

"ಹಾಗಾದ್ರೆ ನಿಂಗೆ ಆಗಿಬರುತ್ತೆ," ಎಂದು ಅವನು ಕೊನೆಯ ಏಟು ಹೊಡೆದು, ಹಗ್ಗವನ್ನು ಅವಳ ಕೈಗೆ ಕೊಟ್ಟ.